ಕಥೆ ಪೂರ್ತಿ ಗೊತ್ತಿದ್ದರೂ ಇಂಗ್ಲಿಷ್ ಸಾಹಿತ್ಯದಲ್ಲಿ ಮಾರ್ಕ್ಸ್ ಯಾಕೆ ಬರಲ್ಲ?

ಪ್ರಶ್ನೆ: ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಗೆ ಪದ್ಯ, ನಾಟಕ ಎರಡನ್ನೂ ಹಲವು ಸಲ ಓದಿದ್ದೇನೆ. ಸಾರಾಂಶ ಬಾಯಿಪಾಠ ಆಗಿದೆ. ಆದರೂ ದೊಡ್ಡ ಉತ್ತರಗಳಿಗೆ ಅರ್ಧದಷ್ಟೇ ಮಾರ್ಕ್ಸ್ ಬರುತ್ತಿದೆ. ‘ಬರೀ ಕಥೆ ಬರೆದಿದ್ದೀಯ’ ಅಂತ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಬರೆದಿರುತ್ತಾರೆ. ಇನ್ನೂ ಏನು ಓದಬೇಕು?

ಉತ್ತರ: ಹೊಸದಾಗಿ ಏನೂ ಓದಬೇಡಿ. ಓದಿದ್ದನ್ನೇ ಬೇರೆ ಥರ ಓದಬೇಕು, ಅಷ್ಟೆ. ಪದ್ಯದಲ್ಲಿ ಏನಾಯಿತು ಅನ್ನೋದು ಪೇಪರ್ ತಿದ್ದುವವರಿಗೆ ಗೊತ್ತೇ ಇದೆ. ಅದನ್ನೇ ತಿರುಗಿ ಅವರಿಗೆ ಹೇಳಿದರೆ ಮಾರ್ಕ್ಸ್ ಯಾಕೆ ಕೊಡುತ್ತಾರೆ? ಅವರು ಕೇಳೋದು, ಕವಿ ಅದನ್ನು ಹೇಗೆ ಹೇಳಿದ್ದಾನೆ, ಹಾಗೆ ಹೇಳಿದ್ದರಿಂದ ಏನಾಯಿತು ಅಂತ. ಈ ‘ಹೇಗೆ’ ಸಾರಾಂಶದಲ್ಲಿ ಸಿಗಲ್ಲ, ಸಾಲಿನಲ್ಲೇ ಹುಡುಕಬೇಕು.

ಒಂದು ಪದ್ಯ ತೆಗೆದುಕೊಂಡೇ ನೋಡೋಣ. ಇಂಗ್ಲಿಷ್ ಕವಿ ಶೆಲ್ಲಿಯ ‘ಒಜಿಮ್ಯಾಂಡಿಯಸ್’ 1818ರಲ್ಲಿ ಪ್ರಕಟವಾದದ್ದು, 14 ಸಾಲಿನ ಸಾನೆಟ್. ಮರುಭೂಮಿಯಲ್ಲಿ ಒಡೆದು ಬಿದ್ದ, ಒಜಿಮ್ಯಾಂಡಿಯಸ್ ಅನ್ನುವ ರಾಜನ ವಿಗ್ರಹದ ಬಗ್ಗೆ ಪ್ರಯಾಣಿಕನೊಬ್ಬ ಹೇಳುತ್ತಾನೆ. ಅಧಿಕಾರ ಶಾಶ್ವತವಲ್ಲ ಅಂತ ಎಲ್ಲ ಗೈಡ್‌ಗಳೂ ಬರೆದಿವೆ, ಎಲ್ಲ ವಿದ್ಯಾರ್ಥಿಗಳೂ ಬರೆಯುತ್ತಾರೆ. ಸುಳ್ಳಲ್ಲ. ಆದರೆ ಅಷ್ಟು ಹೇಳೋದಕ್ಕೆ ಪದ್ಯವನ್ನು ಓದಬೇಕಾಗಿಯೇ ಇಲ್ಲ.

ಈಗ 11 ಮತ್ತು 12ನೇ ಸಾಲಿಗೆ ಬನ್ನಿ. ನನ್ನ ಸಾಧನೆ ನೋಡಿ ಎದೆಗುಂದಿ ಅಂತ ರಾಜ ಪೀಠದ ಮೇಲೆ ಕೆತ್ತಿಸಿದ್ದಾನೆ. ಆ ಜಂಬ ಮುಗಿದ ತಕ್ಷಣ ಬರೋದು ಮೂರೇ ಮೂರು ಪದ: ‘ನಥಿಂಗ್ ಬಿಸೈಡ್ ರಿಮೇನ್ಸ್’, ಅಂದರೆ ಬೇರೇನೂ ಉಳಿದಿಲ್ಲ. ಸಾಲು ಇನ್ನೂ ಮುಗಿದಿಲ್ಲ, ನಡುವೆಯೇ ಫುಲ್‌ಸ್ಟಾಪ್. ಜೋರಾಗಿ ಓದಿದರೆ ದನಿ ಅಲ್ಲಿ ನಿಂತೇ ನಿಲ್ಲುತ್ತದೆ. ಆಮೇಲೆ ಶುರುವಾಗುವ ವಾಕ್ಯ ಎಲ್ಲೂ ನಿಲ್ಲದೆ ಎರಡೂವರೆ ಸಾಲು ಉದ್ದಕ್ಕೆ ಹೋಗುತ್ತದೆ, ಅದು ಹೇಳುವ ಮರಳಿನ ಹಾಗೆಯೇ. ರಾಜನ ಮಾತಿಗೆ ಕವಿ ಎದುರು ಮಾತಾಡಿಲ್ಲ. ಪಕ್ಕದಲ್ಲಿ ಖಾಲಿ ಜಾಗ ತೋರಿಸಿ ಸುಮ್ಮನಾಗಿದ್ದಾನೆ. ಇದನ್ನು ನಾಲ್ಕು ವಾಕ್ಯದಲ್ಲಿ ಬರೆದರೆ ಸಾಕು, ಒಂದು ಪುಟದ ಸಾರಾಂಶಕ್ಕಿಂತ ಜಾಸ್ತಿ ಬೆಲೆ ಅದಕ್ಕೆ.

ಇನ್ನೊಂದು ವಿಷಯ. ಈ ಪದ್ಯದಲ್ಲಿ ಮೂರು ದನಿ ಇವೆ. ‘ನಾನು’ ಅನ್ನುವವನು, ಅವನಿಗೆ ಸಿಕ್ಕ ಪ್ರಯಾಣಿಕ, ಕಲ್ಲಿನ ಮೇಲಿನ ರಾಜ. ಅಷ್ಟು ದೊಡ್ಡ ರಾಜನ ಮಾತು ನಮಗೆ ತಲುಪೋದು ಬಾಯಿಂದ ಬಾಯಿಗೆ ದಾಟಿಕೊಂಡು. ಇದೂ ‘ಹೇಗೆ’ ಅನ್ನೋದಕ್ಕೆ ಉತ್ತರವೇ. ಪದ್ಯ ಯಾವುದೇ ಇರಲಿ, ಯಾರು ಮಾತಾಡುತ್ತಿದ್ದಾರೆ ಅಂತ ಮೊದಲು ನೋಡಿ. ‘ನಾನು’ ಅಂದರೆ ಕವಿಯೇ ಅಂತ ಸುಮ್ನೆ ಬರೆದುಬಿಡುವ ಅಭ್ಯಾಸ ತುಂಬ ಜನಕ್ಕಿದೆ.

ಅಲಂಕಾರಗಳ ಪಟ್ಟಿ ಬರೆಯೋದು ಇನ್ನೊಂದು ಕೆಟ್ಟ ಅಭ್ಯಾಸ. ‘ಇಲ್ಲಿ ಉಪಮೆ ಇದೆ, ರೂಪಕ ಇದೆ, ಅನುಪ್ರಾಸ ಇದೆ’ ಅಂತ ಮೂರು ಗುರುತಿಸಿ ಮುಂದೆ ಹೋಗುತ್ತಾರೆ. ಗುರುತಿಸಿದ್ದಕ್ಕೆ ಸಿಗೋದು ಅಲ್ಪ ಸ್ವಲ್ಪ. ಅದೇ ಪದ್ಯದ ಕೊನೆಯ ಸಾಲಿನಲ್ಲಿ ‘ಲೋನ್’, ‘ಲೆವೆಲ್’ ಅನ್ನುವ ಪದಗಳು ಒಟ್ಟಿಗೆ ಬರುತ್ತವೆ, ಹಿಂದೆಯೇ ‘ಸ್ಯಾಂಡ್ಸ್’, ‘ಸ್ಟ್ರೆಚ್’. ಅನುಪ್ರಾಸ ಅಂತ ಹೆಸರು ಹೇಳದಿದ್ದರೂ ನಡೆಯುತ್ತದೆ. ಒಂದೇ ದನಿ ಮರುಕಳಿಸಿ ಎಲ್ಲವೂ ಒಂದೇ ಸಮ, ಏರಿಳಿತವೇ ಇಲ್ಲ ಅನ್ನುವ ಭಾವ ಹುಟ್ಟಿಸುತ್ತದೆ ಅಂತ ಬರೆದರೆ ಪೂರ್ತಿ ಮಾರ್ಕ್ಸ್ ಕಡೆಗೆ ಹೋಗುತ್ತೀರಿ. ಹೆಸರು ಮಾತ್ರ ಹೇಳಿ ಪರಿಣಾಮ ಬಿಟ್ಟರೆ ಇಲ್ಲ.

ನಾಟಕಕ್ಕೆ ಬಂದರೆ ಮುಖ್ಯವಾಗಿ ನೆನಪಿಡಬೇಕಾದ್ದು, ಅದನ್ನು ಬರೆದದ್ದು ರಂಗಕ್ಕೆ. ಉತ್ತರದಲ್ಲಿ ‘ಓದುಗ’ ಅನ್ನುವ ಕಡೆಯೆಲ್ಲ ‘ಪ್ರೇಕ್ಷಕ’ ಅಂತ ಬರೆದು ನೋಡಿ, ನಿಮ್ಮ ಯೋಚನೆಯೇ ಬದಲಾಗುತ್ತದೆ. ಯಾರು ರಂಗದ ಮೇಲಿದ್ದಾರೆ, ಯಾರು ಇಲ್ಲ, ಪ್ರೇಕ್ಷಕನಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದ್ದು ಏನು, ಇವೆಲ್ಲ ಆಗ ಕಣ್ಣಿಗೆ ಬೀಳುತ್ತವೆ. ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ನಲ್ಲಿ ಡಂಕನ್ ರಾಜ ಮ್ಯಾಕ್‌ಬೆತ್‌ನ ಕೋಟೆಗೆ ಬಂದು ಎಷ್ಟು ಹಿತವಾದ ಜಾಗ, ಎಂಥ ಒಳ್ಳೆ ಗಾಳಿ ಅಂತ ಹೊಗಳುತ್ತಾನೆ. ಅದು 1ನೇ ಅಂಕದ 6ನೇ ದೃಶ್ಯ. ಆದರೆ ಅವನನ್ನು ಕೊಲ್ಲುವ ಮಾತು ಮ್ಯಾಕ್‌ಬೆತ್ ಮತ್ತು ಅವನ ಹೆಂಡತಿಯ ನಡುವೆ 5ನೇ ದೃಶ್ಯದಲ್ಲೇ ಆಗಿಹೋಗಿದೆ. ಈ ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟಿದ್ದೇ ನಾಟಕಕಾರನ ಕೈಚಳಕ.

ಆಮೇಲೆ 2ನೇ ಅಂಕದ 2ನೇ ದೃಶ್ಯ. ಇದನ್ನು ಯಾರಾದರೂ ಸ್ನೇಹಿತರ ಜೊತೆ ಕೂತು ಪಾತ್ರ ಹಂಚಿಕೊಂಡು ಜೋರಾಗಿ ಓದಿ. ಕೊಲೆಯನ್ನು ನಮಗೆ ತೋರಿಸಿಲ್ಲ, ಅದು ಒಳಗೆ ನಡೆದಿದೆ. ಮ್ಯಾಕ್‌ಬೆತ್ ಹೊರಗೆ ಬರುತ್ತಾನೆ. ನೀನು ಮಾತಾಡಿದೆಯಾ? ಯಾವಾಗ? ಈಗ. ನಾನು ಇಳಿದು ಬರುವಾಗಲಾ? ಹೀಗೆ ಒಂದು, ಮೂರು, ನಾಲ್ಕು ಪದದ ತುಂಡು ಮಾತಿನಲ್ಲಿ ಗಂಡ ಹೆಂಡತಿ ಮಾತಾಡಿಕೊಳ್ಳುತ್ತಾರೆ. ಉದ್ದುದ್ದ ಮಾತಾಡುತ್ತಿದ್ದವರು ಇಲ್ಲಿ ಒಂದು ಪೂರ್ತಿ ಸಾಲನ್ನೂ ಹೇಳಲಾಗದೆ ತುಣುಕು ತುಣುಕಾಗಿದ್ದಾರೆ. ಈ ನಾಲ್ಕು ಮಾತಿನಲ್ಲಿ ಭಯ ಅನ್ನುವ ಪದ ಬರದೆಯೇ ಭಯ ಕೇಳಿಸುತ್ತದೆ. ಮನಸ್ಸಿನಲ್ಲೇ ಓದಿದರೆ ಇದು ಗೊತ್ತಾಗಲ್ಲ, ಬಾಯಿಬಿಟ್ಟು ಓದಿದರೆ ಗೊತ್ತಾಗುತ್ತದೆ.

ಅದೇ ದೃಶ್ಯದಲ್ಲಿ ಲೇಡಿ ಮ್ಯಾಕ್‌ಬೆತ್, ಸ್ವಲ್ಪ ನೀರು ಸಾಕು, ಕೈ ತೊಳೆದರೆ ಮುಗಿಯಿತು ಅನ್ನುತ್ತಾಳೆ. 5ನೇ ಅಂಕದ ಮೊದಲ ದೃಶ್ಯದಲ್ಲಿ ಅದೇ ಹೆಂಗಸು ನಿದ್ದೆಯಲ್ಲಿ ನಡೆದಾಡುತ್ತಾ ಕೈ ತಿಕ್ಕುತ್ತಲೇ ಇರುತ್ತಾಳೆ, ಕಲೆ ಹೋಗಲ್ಲ. ಮೊದಲು ಛಂದಸ್ಸಿನಲ್ಲಿ ಮಾತಾಡುತ್ತಿದ್ದವಳು ಇಲ್ಲಿ ಗದ್ಯಕ್ಕೆ ಇಳಿದಿದ್ದಾಳೆ. ಓದುವಾಗ ಹೀಗೆ ಒಂದಕ್ಕೊಂದು ಉತ್ತರ ಕೊಡುವ ಜೋಡಿ ದೃಶ್ಯಗಳನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಪಾತ್ರ ಹೇಗೆ ಬದಲಾಯಿತು ಅಂತ ಕೇಳಲಿ, ಅಪರಾಧಿ ಭಾವದ ಬಗ್ಗೆ ಕೇಳಲಿ, ಗಂಡ ಹೆಂಡತಿ ಸಂಬಂಧದ ಬಗ್ಗೆ ಕೇಳಲಿ, ಒಂದೇ ಜೋಡಿ ಎಲ್ಲದಕ್ಕೂ ಆಗಿಬರುತ್ತದೆ.

ಹಾಗಾದರೆ ಸಾಲುಗಳನ್ನು ಬಾಯಿಪಾಠ ಮಾಡೋದು ಬೇಡವಾ? ಪುಸ್ತಕ ಒಯ್ಯಲು ಬಿಡದ ಪರೀಕ್ಷೆಯಾದರೆ ಬೇಕು. ಆದರೆ ಉದ್ದ ಸಾಲು ಬೇಡ. ಮೂರು ನಾಲ್ಕು ಪದದ ತುಣುಕು ಸಾಕು, ಅದನ್ನು ನಿಮ್ಮ ವಾಕ್ಯದೊಳಗೇ ಸೇರಿಸಿ ಬರೆಯಬಹುದು. ನಾಲ್ಕು ಸಾಲು ಪೂರ್ತಿ ಎತ್ತಿ ಬರೆದು ಅದರ ಬಗ್ಗೆ ಒಂದು ಮಾತೂ ಆಡದಿದ್ದರೆ ಸಮಯ ಹೋಯಿತು, ಅಷ್ಟೇ ಲಾಭ. ಪ್ರಶ್ನೆಪತ್ರಿಕೆಯಲ್ಲೇ ಭಾಗ ಕೊಟ್ಟು ಕೇಳಿದ್ದರೆ ಆ ಭಾಗ ಬಿಟ್ಟು ಆಚೆ ಜಾಸ್ತಿ ಓಡಬೇಡಿ. ಇಡೀ ನಾಟಕದ ಬಗ್ಗೆಯೂ ಬರೆಯಿರಿ ಅಂತ ಕೇಳಿದ್ದರೆ ಮಾತು ಬೇರೆ.

ಮೊದಲು ನೋಡಿರದ ಪದ್ಯ ಬಂದಾಗ ಹೆದರುವವರೇ ಜಾಸ್ತಿ. ನಿಜ ಹೇಳಬೇಕೆಂದರೆ ಅದೇ ಸುಲಭ, ಯಾಕೆಂದರೆ ಅಲ್ಲಿ ಗೈಡ್ ನೆನಪಾಗಿ ಅಡ್ಡ ಬರಲ್ಲ. ಪೆನ್ ಮುಟ್ಟದೆ ಎರಡು ಸಲ ಓದಿ. ‘ಬಟ್’, ‘ಯೆಟ್’, ‘ನೌ’ ಥರದ ಪದ ಎಲ್ಲಿ ಬರುತ್ತದೆ ನೋಡಿ, ಪದ್ಯ ಮಗ್ಗುಲು ಬದಲಿಸೋದು ಸಾಮಾನ್ಯವಾಗಿ ಅಲ್ಲೇ. ಎಲ್ಲ ಸಾಲೂ ಅರ್ಥವಾಗಲೇಬೇಕು ಅಂತಿಲ್ಲ. ಅರ್ಥವಾದ ಎರಡು ಕಡೆ ಗಟ್ಟಿಯಾಗಿ ಹಿಡಿದು ಬರೆಯಿರಿ.

ಮನೆಯಲ್ಲಿ ಅಭ್ಯಾಸ ಮಾಡೋದು ಓದುವುದಕ್ಕಿಂತ ಬರೆಯೋದಕ್ಕೆ ಮೀಸಲಿರಲಿ. ಪುಸ್ತಕ ಮುಚ್ಚಿ ಒಂದು ಪ್ಯಾರಾ ಬರೆಯಿರಿ, ಆಮೇಲೆ ತೆರೆದು ನೋಡಿ. ಬರೆದ ಪ್ರತಿ ವಾಕ್ಯದ ಮುಂದೆ, ಇದು ಪದ್ಯ ಓದದವನೂ ಬರೆಯಬಹುದಾದ ಮಾತಾ ಅಂತ ಕೇಳಿಕೊಳ್ಳಿ. ಹೌದು ಅನಿಸಿದರೆ ಹೊಡೆದು ಹಾಕಿ. ಸಿನಿಮಾ ನೋಡಬಹುದು, ನಾಟಕ ಓದಿದ ಮೇಲೆ. ಸಿನಿಮಾದಲ್ಲಿ ಮಾತು ಕತ್ತರಿಸಿರುತ್ತಾರೆ, ದೃಶ್ಯ ಹಿಂದೆ ಮುಂದೆ ಮಾಡಿರುತ್ತಾರೆ. ಅಲ್ಲಿ ಕಂಡದ್ದನ್ನು ನಾಟಕದಲ್ಲಿದೆ ಅಂತ ಬರೆದು ಸಿಕ್ಕಿಬೀಳುವವರು ಇದ್ದಾರೆ.

ಹಿಂದಿನ ದಿನ ಹೊಸ ನೋಟ್ಸ್ ತೆರೆಯಬೇಡಿ. ಪಾತ್ರಗಳ ಹೆಸರಿನ ಸ್ಪೆಲಿಂಗ್ ಒಂದು ಸಲ ಬರೆದು ನೋಡಿ, ಯಾವ ಪ್ರಶ್ನೆಗೆ ಎಷ್ಟು ಮಾರ್ಕ್ಸ್ ಅಂತ ನೋಡಿ ನಿಮಿಷ ಹಂಚಿಕೊಳ್ಳಿ. 5 ಮಾರ್ಕ್ಸಿನ ಪ್ರಶ್ನೆಗೆ ಮೂರು ಪುಟ ಬರೆದು ದೊಡ್ಡದಕ್ಕೆ ಹೊತ್ತೇ ಇಲ್ಲದ ಹಾಗೆ ಮಾಡಿಕೊಳ್ಳೋದು ತಪ್ಪುತ್ತದೆ.