ಪಾಸ್‌ಪೋರ್ಟ್ ಫ್ರಾಂಕ್‌ಫರ್ಟ್‌ನಲ್ಲಿ, ಬ್ಯಾಗ್ ರೋಮ್‌ನಲ್ಲಿ: ಯುರೋಪಿನಲ್ಲಿ ವಿಮಾನ ಬದಲಿಸುವವರಿಗೆ

ಪ್ರಶ್ನೆ: ಅಪ್ಪ, ಅಮ್ಮ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ರೋಮ್‌ಗೆ ಹೊರಟಿದ್ದಾರೆ. ಒಂದೇ ಟಿಕೆಟ್. ವೀಸಾ ಕೊಟ್ಟಿರುವುದು ಇಟಲಿ. ಫ್ರಾಂಕ್‌ಫರ್ಟ್‌ನಲ್ಲಿ ಎರಡು ಗಂಟೆ ಸಮಯವಿದೆ. ಇಮಿಗ್ರೇಷನ್ ಎಲ್ಲಿ ಆಗುತ್ತದೆ? ಫ್ರಾಂಕ್‌ಫರ್ಟ್‌ನಲ್ಲಿ ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಚೆಕ್ ಇನ್ ಮಾಡಬೇಕಾ?

ಉತ್ತರ: ಇಮಿಗ್ರೇಷನ್ ಫ್ರಾಂಕ್‌ಫರ್ಟ್‌ನಲ್ಲೇ ಮುಗಿಯುತ್ತದೆ. ರೋಮ್‌ನಲ್ಲಿ ಪಾಸ್‌ಪೋರ್ಟ್ ಕೌಂಟರ್‌ಗೆ ಹೋಗುವುದೇ ಇಲ್ಲ. ಚೆಕ್ ಇನ್ ಮಾಡಿದ ಬ್ಯಾಗ್ ಫ್ರಾಂಕ್‌ಫರ್ಟ್‌ನಲ್ಲಿ ಮುಟ್ಟುವ ಹಾಗಿಲ್ಲ, ಅದು ನೇರ ರೋಮ್‌ಗೆ ಹೋಗುತ್ತದೆ. ಅದರ ಕಸ್ಟಮ್ಸ್ ಕೂಡ ಅಲ್ಲೇ.

ಅಂದರೆ ಮನುಷ್ಯರ ತಪಾಸಣೆ ಒಂದು ಊರಲ್ಲಿ, ಸಾಮಾನಿನ ತಪಾಸಣೆ ಇನ್ನೊಂದು ಊರಲ್ಲಿ. ಗೊಂದಲ ಶುರುವಾಗುವುದೇ ಇಲ್ಲಿಂದ. ಅಮೆರಿಕಕ್ಕೆ ಹೋಗಿಬಂದ ನೆಂಟರು, ಮೊದಲು ಇಳಿದ ಊರಲ್ಲೇ ಬ್ಯಾಗ್ ತಗೊಂಡು ಕಸ್ಟಮ್ಸ್ ದಾಟಿಸಬೇಕು ಎಂದು ಹೇಳಿರುತ್ತಾರೆ. ಅಲ್ಲಿಗೆ ಅದು ನಿಜ. ಯುರೋಪಿನ ವ್ಯವಸ್ಥೆ ಬೇರೆ. ಆ ಮಾತು ನಂಬಿ ಫ್ರಾಂಕ್‌ಫರ್ಟ್‌ನ ಬ್ಯಾಗೇಜ್ ಬೆಲ್ಟ್ ಹುಡುಕಿಕೊಂಡು ಹೊರಟರೆ ಮುಂದಿನ ವಿಮಾನ ತಪ್ಪುವ ಸಂಭವವೇ ಜಾಸ್ತಿ.

ಮೊದಲು ಪಾಸ್‌ಪೋರ್ಟ್ ವಿಷಯ. ಯುರೋಪಿನ 29 ದೇಶಗಳು ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿ, ಹೊರಗಿನವರಿಗೆ ಒಂದೇ ಗಡಿ ಮಾಡಿಕೊಂಡಿವೆ. ಅದೇ ಷೆಂಗೆನ್ ವಲಯ. ಹೊರಗಿನಿಂದ ಬಂದವರು ಈ ವಲಯದ ಯಾವ ವಿಮಾನ ನಿಲ್ದಾಣದಲ್ಲಿ ಮೊದಲು ಇಳಿದು ಒಳಗಿನ ವಿಮಾನ ಹಿಡಿಯುತ್ತಾರೋ, ಅಲ್ಲೇ ಇಮಿಗ್ರೇಷನ್. ಫ್ರಾಂಕ್‌ಫರ್ಟ್–ರೋಮ್ ವಿಮಾನ ಇವರ ಲೆಕ್ಕದಲ್ಲಿ ನಮ್ಮ ಬೆಂಗಳೂರು–ದೆಹಲಿ ವಿಮಾನ ಇದ್ದ ಹಾಗೆ. ರೋಮ್‌ನಲ್ಲಿ ಇಳಿದವರು ನೇರವಾಗಿ ಬ್ಯಾಗ್ ಬೆಲ್ಟ್‌ಗೆ ನಡೆದುಹೋಗುತ್ತಾರೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಮ್ಯೂನಿಕ್ ಮೂಲಕ ಹೋದರೂ ಇದೇ ಕ್ರಮ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ವೀಸಾ ಇಟಲಿಯದಾದರೂ ಪ್ರಶ್ನೆ ಕೇಳುವವರು ಜರ್ಮನಿಯ ಅಧಿಕಾರಿ. ಎಲ್ಲಿಗೆ ಹೋಗ್ತೀರಿ, ಎಷ್ಟು ದಿನ, ಎಲ್ಲಿ ಉಳೀತೀರಿ, ವಾಪಸ್ ಟಿಕೆಟ್ ಎಲ್ಲಿ ಎಂದು ಕೇಳುವ ಹಕ್ಕು ಅವರಿಗಿದೆ. ಆದ್ದರಿಂದ ರೋಮ್‌ನ ಹೋಟೆಲ್ ಬುಕಿಂಗ್ ಅಥವಾ ಮಗನ ಮನೆಯ ಆಹ್ವಾನ ಪತ್ರ, ಪ್ರಯಾಣ ವಿಮೆ, ವಾಪಸ್ ಟಿಕೆಟ್ ಎಲ್ಲವೂ ಕೈಚೀಲದಲ್ಲೇ ಇರಬೇಕು. ಕಾಗದಪತ್ರವನ್ನು ದೊಡ್ಡ ಸೂಟ್‌ಕೇಸಿನಲ್ಲಿ ಜೋಪಾನವಾಗಿ ಇಟ್ಟರೆ ಅದು ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಕಷ್ಟವಾದರೆ, ಯಾರ ಮನೆಗೆ, ಎಷ್ಟು ದಿನ ಎಂದು ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ ಕೊಟ್ಟು ಕಳಿಸಿ. ನಿಮ್ಮ ಫೋನ್ ನಂಬರ್ ಅದರಲ್ಲಿರಲಿ. ಅಷ್ಟಿದ್ದರೆ ಅವರಿಗೆ ಧೈರ್ಯ ಬರುತ್ತದೆ.

2025ರ ಅಕ್ಟೋಬರ್ 12ರಿಂದ ಈ ಕೌಂಟರ್‌ಗಳಲ್ಲಿ ಇನ್ನೊಂದು ಬದಲಾವಣೆ ಬಂದಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು, ಬಂದ ಮತ್ತು ಹೋದ ದಿನವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಹಂತ ಹಂತವಾಗಿ ಶುರುವಾಯಿತು. ಅಲ್ಲೇ ಮುಖದ ಫೋಟೊ ತೆಗೆಯುತ್ತಾರೆ. ವೀಸಾ ಅರ್ಜಿಯ ಹೊತ್ತಿಗೆ ಕೊಟ್ಟ ಬೆರಳಚ್ಚನ್ನು ತಾಳೆ ನೋಡಬಹುದು. ಮೊದಲ ಸಲ ಹೋಗುವವರಿಗೆ ಇದರಿಂದ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಸಾಲೂ ಉದ್ದವಾಗುತ್ತದೆ. ಅದಕ್ಕೇ ನಾನು ಎರಡು ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ಬೇಡ ಎನ್ನುತ್ತೇನೆ. ವಿಮಾನ ಕಂಪನಿಗಳು ಅದಕ್ಕಿಂತ ಕಡಿಮೆ ಸಮಯಕ್ಕೂ ಟಿಕೆಟ್ ಮಾರುತ್ತವೆ. ವಯಸ್ಸಾದವರಿಗಾದರೆ ಮೂರು ಗಂಟೆ ಇರಲಿ.

ಮಂಡಿನೋವು ಇದ್ದರೆ ವೀಲ್‌ಚೇರ್ ಸಹಾಯವನ್ನು ಹಿಂಜರಿಯದೆ ಕೇಳಿ. ಹೊರಡುವುದಕ್ಕೆ 48 ಗಂಟೆ ಮೊದಲೇ ವಿಮಾನ ಕಂಪನಿಗೆ ತಿಳಿಸಿದರೆ ಸಾಕು, ಯುರೋಪಿನ ನಿಲ್ದಾಣಗಳಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಫ್ರಾಂಕ್‌ಫರ್ಟ್ ದೊಡ್ಡ ನಿಲ್ದಾಣ. ಬೆಂಗಳೂರಿನ ವಿಮಾನ ಹೊರದೇಶದವುಗಳಿಗೆ ಮೀಸಲಾದ ಭಾಗದಲ್ಲಿ ನಿಲ್ಲುತ್ತದೆ. ರೋಮ್ ವಿಮಾನ ಹೊರಡುವುದು ಷೆಂಗೆನ್ ಭಾಗದಿಂದ. ಒಂದನೇ ಟರ್ಮಿನಲ್‌ನಲ್ಲಿ ಸಾಮಾನ್ಯವಾಗಿ ಅದು ಎ ಗೇಟುಗಳ ಕಡೆ. ನಡುವೆ ಪಾಸ್‌ಪೋರ್ಟ್ ತಪಾಸಣೆ, ಜೊತೆಗೆ ಮತ್ತೊಂದು ಸಲ ಸೆಕ್ಯುರಿಟಿ. ಪ್ಯಾರಿಸ್‌ನಲ್ಲಾದರೆ ಏರ್ ಫ್ರಾನ್ಸ್‌ನವರು 2ಇ ಟರ್ಮಿನಲ್‌ನಿಂದ 2ಎಫ್‌ಗೆ ಕಳಿಸುತ್ತಾರೆ, ಅಲ್ಲಿನ ನಡಿಗೆಯೂ ಕಡಿಮೆಯೇನಲ್ಲ.

ಆ ಎರಡನೇ ಸೆಕ್ಯುರಿಟಿಯನ್ನು ತುಂಬಾ ಜನ ಮರೆಯುತ್ತಾರೆ. ಬೆಂಗಳೂರಿನಲ್ಲಿ ಒಳಗೆ ಬಂದ ಮೇಲೆ ತುಂಬಿಸಿಕೊಂಡ ನೀರಿನ ಬಾಟಲಿಯನ್ನು ಇಲ್ಲಿ ಎಸೆಯಬೇಕಾಗಿ ಬರಬಹುದು. ಡ್ಯೂಟಿ ಫ್ರೀ ಬಾಟಲಿಯನ್ನು ಸೀಲ್ ಮಾಡಿದ ಚೀಲದಿಂದ, ರಸೀದಿಯ ಜೊತೆಗೇ, ತೆಗೆಯದೆ ಇಟ್ಟುಕೊಳ್ಳಬೇಕು. ಉಪ್ಪಿನಕಾಯಿ, ಗೊಜ್ಜು, ಜೇನುತುಪ್ಪ ಇವೆಲ್ಲ ಸೆಕ್ಯುರಿಟಿಯವರ ಕಣ್ಣಿಗೆ ದ್ರವವೇ. ಕೈಚೀಲದಲ್ಲಿ ಬೇಡ.

ಈಗ ಬ್ಯಾಗ್. ಬೆಂಗಳೂರಿನ ಕೌಂಟರಿನಲ್ಲಿ ಬ್ಯಾಗಿಗೆ ಸುತ್ತುವ ಪಟ್ಟಿಯಲ್ಲಿ ಕೊನೆಯ ಊರಿನ ಮೂರಕ್ಷರದ ಗುರುತು ಇರುತ್ತದೆ. ರೋಮ್‌ನ ಫ್ಯೂಮಿಚಿನೊ ನಿಲ್ದಾಣಕ್ಕೆ ಅದು ಎಫ್‌ಸಿಒ. ಅದು ಕಂಡರೆ ಬ್ಯಾಗ್ ರೋಮ್‌ವರೆಗೆ ಹೋಗುತ್ತದೆ ಎಂದರ್ಥ. ಕೌಂಟರಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ, ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಯುರೋಪಿಯನ್ ಯೂನಿಯನ್ ಕಸ್ಟಮ್ಸ್ ನಿಯಮ ಹೀಗಿದೆ: ಚೆಕ್ ಇನ್ ಬ್ಯಾಗಿನ ತಪಾಸಣೆ ಕೊನೆಯ ನಿಲ್ದಾಣದಲ್ಲಿ, ಕೈಚೀಲದ ತಪಾಸಣೆ ಯೂನಿಯನ್‌ನ ಮೊದಲ ನಿಲ್ದಾಣದಲ್ಲಿ. ಹಾಗಾಗಿ ಕೈಚೀಲದಲ್ಲಿ ಘೋಷಿಸಬೇಕಾದ ವಸ್ತು ಇದ್ದರೆ ಅದನ್ನು ಫ್ರಾಂಕ್‌ಫರ್ಟ್‌ನಲ್ಲೇ ಹೇಳಬೇಕು. 10,000 ಯೂರೊ ಅಥವಾ ಅದಕ್ಕಿಂತ ಹೆಚ್ಚು ನಗದು ಒಯ್ಯುವವರಿಗೂ ಘೋಷಣೆ ಕಡ್ಡಾಯ. ಸಾಮಾನ್ಯ ಪ್ರವಾಸಿಗೆ ಇದು ತಾಗುವುದಿಲ್ಲ.

ರೋಮ್‌ನಲ್ಲಿ ಹೊರಗೆ ಬರುವಾಗ ಹಸಿರು, ಕೆಂಪು ದಾರಿಗಳ ಜೊತೆ ಕೆಲವು ಕಡೆ ನೀಲಿ ದಾರಿಯೂ ಕಾಣುತ್ತದೆ. ನೀಲಿ ದಾರಿ ಯೂನಿಯನ್‌ನ ಒಳಗೇ ಬ್ಯಾಗ್ ಚೆಕ್ ಇನ್ ಮಾಡಿದವರಿಗೆ. ಅವರ ಬ್ಯಾಗಿನ ಪಟ್ಟಿಗೆ ಹಸಿರು ಅಂಚು ಇರುತ್ತದೆ. ನೀವು ಜರ್ಮನಿಯಿಂದ ಹಾರಿ ಬಂದಿದ್ದರೂ ನಿಮ್ಮ ಬ್ಯಾಗ್ ಬೆಂಗಳೂರಿನದು. ಘೋಷಿಸಲು ಏನೂ ಇಲ್ಲದಿದ್ದರೆ ಹಸಿರು ದಾರಿ, ಇದ್ದರೆ ಕೆಂಪು. ವಿಮಾನದಲ್ಲಿ ಬರುವ ದೊಡ್ಡವರಿಗೆ ಉಡುಗೊರೆ ಮತ್ತಿತರ ವಸ್ತುಗಳ ಮಿತಿ ತಲಾ 430 ಯೂರೊ. ಸ್ವಂತ ಬಳಕೆಯ ಬಟ್ಟೆಬರೆ ಈ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಮನೆಗಳಿಂದ ಹೊರಡುವ ಬ್ಯಾಗಿನಲ್ಲಿ ನಿಜವಾಗಿ ತೊಂದರೆ ಕೊಡುವುದು ತಿಂಡಿ. ಮಗನಿಗೆ ಎಂದು ತುಪ್ಪ, ಮಗಳಿಗೆ ಎಂದು ಧಾರವಾಡ ಪೇಡ ಕಟ್ಟುವ ಅಮ್ಮಂದಿರಿಗೆ ಇದನ್ನು ಹೇಳುವುದು ನನಗೂ ಇಷ್ಟವಿಲ್ಲದ ಕೆಲಸ. ಆದರೆ ಭಾರತದಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಯೂನಿಯನ್ ಒಳಗೆ ಒಯ್ಯುವಂತಿಲ್ಲ. ಪ್ರಾಣಿಗಳ ರೋಗ ಹರಡದಿರಲಿ ಎಂದು ಮಾಡಿದ ನಿಯಮ ಇದು. ತುಪ್ಪ, ಪನೀರು, ಖೋವಾ ಸಿಹಿ ಮನೆಯಲ್ಲೇ ಇರಲಿ. ಎಳೆ ಮಕ್ಕಳ ಹಾಲಿನಪುಡಿಗೆ 2 ಕೆಜಿವರೆಗೆ ವಿನಾಯಿತಿ ಇದೆ, ಜೇನುತುಪ್ಪಕ್ಕೂ 2 ಕೆಜಿ ಮಿತಿ. ಹಸಿ ಕರಿಬೇವು, ಮಾವಿನಹಣ್ಣು, ತರಕಾರಿಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಈ ನಿಯಮ 2019ರ ಡಿಸೆಂಬರ್ 14ರಿಂದ ಇದೆ. ಐದು ಹಣ್ಣುಗಳಿಗೆ ಮಾತ್ರ ಆ ಪತ್ರ ಬೇಡ: ಬಾಳೆ, ತೆಂಗು, ಅನಾನಸ್, ಖರ್ಜೂರ, ಡುರಿಯನ್. ತೆಂಗಿನಕಾಯಿಗೆ ಯುರೋಪಿನ ಕಡೆಯಿಂದ ಈ ತಡೆ ಇಲ್ಲ. ಸಾರಿನಪುಡಿ, ಚಟ್ನಿಪುಡಿ, ಹುರಿದ ಅವಲಕ್ಕಿ, ಚಕ್ಕುಲಿ ಇವುಗಳ ಮೇಲೆ ಹಾಲು, ಮಾಂಸದ ಈ ನಿಷೇಧ ಇಲ್ಲ. ಚಕ್ಕುಲಿಗೆ ಬೆಣ್ಣೆ ಬದಲು ಎಣ್ಣೆ ಹಾಕಿ ಮಾಡಿಬಿಡಿ.

ಇಷ್ಟು ನಿಮ್ಮ ಅಪ್ಪ ಅಮ್ಮನ ಪ್ರಯಾಣಕ್ಕೆ ಸಾಕು. ಆದರೆ ದಾರಿ ಸ್ವಲ್ಪ ಬದಲಾದರೂ ಉತ್ತರ ಬದಲಾಗುತ್ತದೆ, ಅದರಲ್ಲಿ ಕೆಲವು ದುಬಾರಿ ತಪ್ಪುಗಳಿವೆ.

ಯುರೋಪಿಯನ್ ಯೂನಿಯನ್ ಮತ್ತು ಷೆಂಗೆನ್ ಒಂದೇ ಅಲ್ಲ. ಐರ್ಲೆಂಡ್ ಯೂನಿಯನ್‌ನಲ್ಲಿದೆ, ಷೆಂಗೆನ್‌ನಲ್ಲಿಲ್ಲ. ಫ್ರಾಂಕ್‌ಫರ್ಟ್ ಮೂಲಕ ಡಬ್ಲಿನ್‌ಗೆ ಹೋದರೆ ಇಮಿಗ್ರೇಷನ್ ಡಬ್ಲಿನ್‌ನಲ್ಲಿ. ಸ್ವಿಟ್ಜರ್ಲೆಂಡ್ ಇದರ ತಿರುಗುಮುರುಗು. ಷೆಂಗೆನ್‌ನಲ್ಲಿದೆ, ಯೂನಿಯನ್‌ನಲ್ಲಿಲ್ಲ. ಜ್ಯೂರಿಕ್‌ಗೆ ಹೋಗುವವರ ಪಾಸ್‌ಪೋರ್ಟ್ ಫ್ರಾಂಕ್‌ಫರ್ಟ್‌ನಲ್ಲಿ ಮುಗಿಯುತ್ತದೆ, ಆದರೆ ಕಸ್ಟಮ್ಸ್ ಸ್ವಿಟ್ಜರ್ಲೆಂಡಿನ ಸ್ವಂತ ನಿಯಮದ್ದು. ಅಲ್ಲಿ ವಸ್ತುಗಳ ಮಿತಿ 2025ರ ಜನವರಿ 1ರಿಂದ ತಲಾ 150 ಫ್ರಾಂಕ್‌ಗೆ ಇಳಿದಿದೆ.

ಲಂಡನ್ ಮೂಲಕ ಹೋಗುವವರು ಇನ್ನೂ ಎಚ್ಚರವಾಗಿರಬೇಕು. ಹೀಥ್ರೂ ಷೆಂಗೆನ್ ಅಲ್ಲ, ಆದ್ದರಿಂದ ರೋಮ್‌ನಲ್ಲೇ ಇಮಿಗ್ರೇಷನ್. ಅದು ಸರಿ. ಆದರೆ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಹೀಥ್ರೂನಲ್ಲಿ ವಿಮಾನ ಬದಲಿಸಲೂ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ಅಮೆರಿಕ ಅಥವಾ ಕೆನಡಾದ ವೀಸಾ, ಯುರೋಪಿನ ವಾಸದ ಪರವಾನಗಿ ಇಂಥವು ಇದ್ದರೆ ವಿನಾಯಿತಿ ಇದೆ. ಬರೀ ಪ್ರವಾಸಿ ಷೆಂಗೆನ್ ವೀಸಾ ಅದಕ್ಕೆ ಸಾಲುವುದಿಲ್ಲ. ಟಿಕೆಟ್ ಅಗ್ಗ ಎಂದು ಲಂಡನ್ ದಾರಿ ಹಿಡಿದವರನ್ನು ಬೆಂಗಳೂರಿನ ಕೌಂಟರಿನಲ್ಲೇ ನಿಲ್ಲಿಸುವುದು ಇದಕ್ಕೇ.

ಇನ್ನೊಂದು ತಪ್ಪು ಅಮೆರಿಕ, ಕೆನಡಾಕ್ಕೆ ಹೊರಟವರದು. ಬೆಂಗಳೂರು, ಫ್ರಾಂಕ್‌ಫರ್ಟ್, ನ್ಯೂಯಾರ್ಕ್ ಎಂದಾದರೆ ಫ್ರಾಂಕ್‌ಫರ್ಟ್‌ನಲ್ಲಿ ಗಡಿ ದಾಟದೆ ಮುಂದೆ ಹೋಗಬಹುದು. ನಡುವೆ ಮ್ಯಾಡ್ರಿಡ್ ಸೇರಿಸಿದರೆ, ಫ್ರಾಂಕ್‌ಫರ್ಟ್–ಮ್ಯಾಡ್ರಿಡ್ ವಿಮಾನ ಹತ್ತುವುದೆಂದರೆ ಷೆಂಗೆನ್ ಒಳಗೆ ಕಾಲಿಟ್ಟ ಹಾಗೆ. ಅದಕ್ಕೆ ಪೂರ್ಣ ಷೆಂಗೆನ್ ವೀಸಾ ಬೇಕು, ವಿಮಾನ ನಿಲ್ದಾಣದ ಟ್ರಾನ್ಸಿಟ್ ವೀಸಾ ನಡೆಯುವುದಿಲ್ಲ. ಒಂದೇ ನಿಲ್ದಾಣದಲ್ಲಿ ಬದಲಿಸುವವರಿಗೂ ಟ್ರಾನ್ಸಿಟ್ ವೀಸಾ ಬೇಕೋ ಬೇಡವೋ ಎನ್ನುವುದನ್ನು ಒಂದೊಂದು ದೇಶ ಒಂದೊಂದು ರೀತಿ ತೀರ್ಮಾನಿಸುತ್ತದೆ, ಆಗಾಗ ಬದಲಾಯಿಸುತ್ತದೆ. ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲು ಆ ದೇಶದ ರಾಯಭಾರ ಕಚೇರಿಯ ಪುಟ ನೋಡಿ. ಏಜೆಂಟ್ ಹೇಳಿದ್ದೇ ಸಾಕು ಎಂದುಕೊಳ್ಳಬೇಡಿ.

ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡರೆ ನಾನು ಮೇಲೆ ಹೇಳಿದ ಬ್ಯಾಗಿನ ಅನುಕೂಲವನ್ನು ನಂಬಿ ಕೂರುವಂತಿಲ್ಲ. ಹೆಚ್ಚಾಗಿ ಫ್ರಾಂಕ್‌ಫರ್ಟ್‌ನಲ್ಲೇ ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ನಷ್ಟವೂ ನಿಮ್ಮದೇ. ಒಂದೇ ಟಿಕೆಟ್ ಆದರೆ, ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಬೇರೆ ವಿಮಾನ ಹತ್ತಿಸುವ ಹೊಣೆ ಕಂಪನಿಯದು. ನಾಲ್ಕೈದು ಸಾವಿರ ರೂಪಾಯಿ ಉಳಿಸಲು ವಯಸ್ಸಾದವರನ್ನು ಈ ಕಷ್ಟಕ್ಕೆ ದೂಡಬೇಡಿ.

ವಾಪಸ್ ಬರುವಾಗ ಎಲ್ಲವೂ ಹಿಮ್ಮುಖ. ರೋಮ್‌ನಿಂದ ಹೊರಡುವಾಗ ಇಮಿಗ್ರೇಷನ್ ಇಲ್ಲ, ಫ್ರಾಂಕ್‌ಫರ್ಟ್‌ನಲ್ಲಿ ಬೆಂಗಳೂರು ವಿಮಾನ ಹತ್ತುವ ಮೊದಲು ನಿರ್ಗಮನ ದಾಖಲಾಗುತ್ತದೆ. ವೀಸಾದ ದಿನಗಳ ಲೆಕ್ಕವೂ ಈ ಎರಡು ದಾಖಲೆಗಳ ಮೇಲೇ, ಬಂದ ದಿನ ಹೋದ ದಿನ ಎರಡನ್ನೂ ಸೇರಿಸಿ. ಅಂಗಡಿಯಲ್ಲಿ ಕೊಂಡ ವಸ್ತುಗಳ ತೆರಿಗೆ ವಾಪಸ್ ಪಡೆಯುವವರು ಒಂದು ವಿಷಯ ನೆನಪಿಡಿ. ಆ ವಸ್ತು ಬೆಂಗಳೂರಿಗೆ ನೇರ ಹೋಗುವ ಬ್ಯಾಗಿನಲ್ಲಿದ್ದರೆ, ಬ್ಯಾಗ್ ಒಳಗೆ ಕಳಿಸುವ ಮೊದಲೇ ರೋಮ್‌ನ ಕಸ್ಟಮ್ಸ್‌ಗೆ ತೋರಿಸಿ ಅನುಮೋದನೆ ಪಡೆಯಬೇಕು. ಕೈಚೀಲದಲ್ಲಿದ್ದರೆ ಆ ಕೆಲಸ ಫ್ರಾಂಕ್‌ಫರ್ಟ್‌ನಲ್ಲಿ.