ಗಾಜು ಶಿವಮೊಗ್ಗದಲ್ಲಿ, ಕಣ್ಣು ತೀರ್ಥಹಳ್ಳಿಯಲ್ಲಿ

ನಮ್ಮ ಲ್ಯಾಬ್ ಇರುವುದು ಶಿವಮೊಗ್ಗದಲ್ಲಿ. ನಾನಿರುವುದು ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಲ್ಲಿ. ಗಾಜನೂರು, ಮಂಡಗದ್ದೆ ದಾಟಿ ತುಂಗೆಯ ಪಕ್ಕದಲ್ಲೇ ಬಂದರೆ ಸುಮಾರು 60 ಕಿಲೋಮೀಟರ್. ಮೊದಲು ದಿನಾ ಓಡಾಡುತ್ತಿದ್ದೆ. ಈಗ ವಾರಕ್ಕೆ ನಾಲ್ಕು ದಿನ ಮನೆಯಲ್ಲೇ ಕೂತು ಬಯಾಪ್ಸಿ ರಿಪೋರ್ಟ್ ಬರೆಯುತ್ತೇನೆ. ಒಮ್ಮೆ ಪಕ್ಕದ ತೋಟದವರು ಅಡಿಕೆ ಕೊಯ್ಯುವ ಕೊನೆಗಾರರು ಯಾವಾಗ ಬರ್ತಾರೆ ಅಂತ ಕೇಳಲು ಬಂದವರು ಕಂಪ್ಯೂಟರ್ ಪರದೆ ನೋಡಿ, "ಇದೆಂತ ಡಾಕ್ಟ್ರೇ, ಸೀರೆ ಡಿಸೈನಾ?" ಅಂದರು. ಗುಲಾಬಿ, ನೇರಳೆ ಬಣ್ಣ ಕಂಡರೆ ಹಾಗನ್ನಿಸುವುದು ಸಹಜವೇ. ಅದು ಯಾರದೋ ಜಠರದ ಒಳಪದರವಾಗಿತ್ತು.

ಕೆಲಸ ನಡೆಯುವುದು ಹೀಗೆ. ರೋಗಿಯಿಂದ ತೆಗೆದ ತುಂಡು ಫಾರ್ಮಲಿನ್ ಡಬ್ಬಿಯಲ್ಲಿ ಲ್ಯಾಬಿಗೆ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, 3-4 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳುವಾಗಿ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕುತ್ತಾರೆ. ಇಲ್ಲಿಯ ತನಕ ಎಲ್ಲ ಹಳೇ ಪದ್ಧತಿಯೇ. ಆಮೇಲೆ ಆ ಗಾಜು ಮೈಕ್ರೋಸ್ಕೋಪಿನ ಕೆಳಗೆ ಹೋಗುವ ಬದಲು ಸ್ಕ್ಯಾನರಿನ ಒಳಗೆ ಹೋಗುತ್ತದೆ.

ಸ್ಕ್ಯಾನರ್ 40 ಪಟ್ಟು ಲೆನ್ಸಿನ ಮಟ್ಟದಲ್ಲಿ ಚಿತ್ರ ತೆಗೆದರೆ ಒಂದು ಚುಕ್ಕಿ (ಪಿಕ್ಸೆಲ್) ಅಂದರೆ ಸುಮಾರು ಕಾಲು ಮೈಕ್ರಾನ್. ಒಂದೂವರೆ ಸೆಂಟಿಮೀಟರ್ ಚೌಕದ ತುಂಡಿಗೆ ಅಡ್ಡ 60 ಸಾವಿರ, ಉದ್ದ 60 ಸಾವಿರ ಚುಕ್ಕಿ. ಗುಣಿಸಿ ನೋಡಿ, 360 ಕೋಟಿ. ನಿಮ್ಮ ಫೋನಿನ 50 ಮೆಗಾಪಿಕ್ಸೆಲ್ ಫೋಟೋದಲ್ಲಿ ಇರುವುದು 5 ಕೋಟಿ. ಇಷ್ಟು ದೊಡ್ಡ ಫೈಲು ಮಲೆನಾಡಿನ ನೆಟ್‌ನಲ್ಲಿ ಹೇಗೆ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಬರುವುದೇ ಇಲ್ಲ! ಫೈಲು ಶಿವಮೊಗ್ಗದ ಸರ್ವರಿನಲ್ಲೇ ಇರುತ್ತದೆ. ಫೋನಿನಲ್ಲಿ ಮ್ಯಾಪ್ ನೋಡುವಾಗ ನೀವು ಬೆರಳಿಟ್ಟ ಊರು ಮಾತ್ರ ತೆರೆದುಕೊಳ್ಳುತ್ತದೆ ಅಲ್ವಾ, ಹಾಗೆಯೇ ನಾನು ನೋಡುವ ಜಾಗದ ಚೌಕಗಳು ಮಾತ್ರ ಬರುತ್ತವೆ. ಸಾಧಾರಣ ಫೈಬರ್ ಸಂಪರ್ಕ ಸಾಕು. ಜುಲೈಯಲ್ಲಿ ಮರ ಬಿದ್ದು ಕೇಬಲ್ ಕಿತ್ತುಹೋದರೆ ಯಾವ ಸಂಪರ್ಕವೂ ಇಲ್ಲ, ಅದು ಬೇರೆ ಮಾತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ನೆಟ್ ಅಲ್ಲ.

ಮನೆಯಿಂದ ಕೆಲಸ ಶುರುಮಾಡಿದ ಹೊಸತು. ಒಬ್ಬ ಹೆಂಗಸಿನ ಸ್ತನದ ಗಂಟಿನಿಂದ ಸೂಜಿಯಲ್ಲಿ ತೆಗೆದ ಬಯಾಪ್ಸಿ. ಪರದೆ ಮೇಲೆ ಮೂರು ಎಳೆ ಇತ್ತು. ಮೂರನ್ನೂ ತುದಿಯಿಂದ ತುದಿಗೆ ನೋಡಿದೆ. ಸ್ವಲ್ಪ ನಾರು, ನಾಲ್ಕು ಸಾದಾ ಗ್ರಂಥಿ, ಅಷ್ಟೇ. 'ಕ್ಯಾನ್ಸರ್ ಕಂಡುಬಂದಿಲ್ಲ' ಅಂತ ಬರೆದೂ ಆಯಿತು. ಸಹಿ ಹಾಕುವ ಮೊದಲು ಮ್ಯಾಮೊಗ್ರಾಂ ಚೀಟಿ ನೋಡಿದರೆ, ಅನುಮಾನ ಜಾಸ್ತಿ ಅಂತ ಬರೆದಿದ್ದರು. ತಾಳೆಯಾಗಲಿಲ್ಲ. ಗ್ರಾಸಿಂಗ್ ಟಿಪ್ಪಣಿ, ಅಂದರೆ ತುಂಡು ಲ್ಯಾಬಿಗೆ ಬಂದಾಗ ಬರಿಗಣ್ಣಿಗೆ ಕಂಡದ್ದನ್ನು ಬರೆದಿಟ್ಟದ್ದು, ಅದನ್ನು ತೆಗೆದೆ. ಅಲ್ಲಿ 'ನಾಲ್ಕು ಎಳೆ' ಅಂತಿತ್ತು.

ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. "ಗ್ಲಾಸ್ ಮೇಲೆ ಎಷ್ಟು ಎಳೆ ಇದೆ ಮಾರಾಯ?"

"ನಾಲ್ಕಿದೆ ಮೇಡಂ. ಒಂದು ಬಿಳಿಚಿಕೊಂಡಿದೆ, ಬರೀ ಕೊಬ್ಬು ಇದ್ದಂಗಿದೆ."

ಸ್ಕ್ಯಾನರ್ ಇಡೀ ಗಾಜನ್ನು 40 ಪಟ್ಟಿನಲ್ಲಿ ತೆಗೆಯುವುದಿಲ್ಲ. ಮೊದಲು ಒಂದು ಸಣ್ಣ ಫೋಟೋ ತೆಗೆದು, ಬಣ್ಣ ಕಂಡ ಕಡೆ ಮಾತ್ರ ಗೆರೆ ಹಾಕಿಕೊಂಡು ಅಷ್ಟನ್ನೇ ಸ್ಕ್ಯಾನ್ ಮಾಡುತ್ತದೆ. ಕೊಬ್ಬಿಗೆ ಬಣ್ಣ ಸರಿಯಾಗಿ ಹತ್ತುವುದಿಲ್ಲ. ಹಾಗಾಗಿ ಅದರ ಲೆಕ್ಕದಲ್ಲಿ ಅಲ್ಲಿ ಏನೂ ಇರಲಿಲ್ಲ. ಕೈಯಾರೆ ಗೆರೆ ಎಳೆಸಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ನಾಲ್ಕನೇ ಎಳೆ ಬಂತು. ಕೊಬ್ಬಿನ ನಡುವೆ ಸಣ್ಣ ಸಣ್ಣ ಕೋಶಗಳು, ಒಂದರ ಹಿಂದೆ ಒಂದು, ಗೋಡೆ ಮೇಲೆ ಇರುವೆ ಸಾಲು ಹೊರಟ ಹಾಗೆ. ಲೋಬ್ಯುಲರ್ ಕಾರ್ಸಿನೋಮಾ, ಸ್ತನದ ಕ್ಯಾನ್ಸರಿನ ಒಂದು ಬಗೆ. ವಿಶೇಷ ಬಣ್ಣ ಹಾಕಿಸಿ ಖಚಿತ ಮಾಡಿಕೊಂಡು ರಿಪೋರ್ಟ್ ಬದಲಿಸಿದೆ. ಕೈ ನಡುಗುತ್ತಿತ್ತು ಅಂತ ಹೇಳಲು ನಾಚಿಕೆ ಏನಿಲ್ಲ.

ಆಮೇಲೆ ಯೋಚಿಸಿದೆ. ಲ್ಯಾಬಿನಲ್ಲಿ ಕೂತಿದ್ದರೆ ಇದು ಆಗುತ್ತಲೇ ಇರಲಿಲ್ಲ. ಗಾಜು ಕೈಗೆ ಬಂದ ಕೂಡಲೇ ಅದನ್ನು ಬೆಳಕಿಗೆ ಹಿಡಿದು ನೋಡುವುದು ನಮ್ಮ ಅಭ್ಯಾಸ. ಎಷ್ಟು ತುಂಡಿದೆ, ಯಾವ ಮೂಲೆಯಲ್ಲಿದೆ ಅಂತ ಬರಿಗಣ್ಣೇ ಎಣಿಸಿಬಿಡುತ್ತದೆ. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ, ಹಿರಿಯರನ್ನು ನೋಡಿ ಬಂದದ್ದು. ಪರದೆ ಮುಂದೆ ಕೂತಾಗ ಆ ಕೈ ಎತ್ತುವ ಕೆಲಸವೇ ತಪ್ಪಿಹೋಗಿತ್ತು. ಈಗ ಯಾವ ಕೇಸ್ ತೆರೆದರೂ ಮೊದಲು ಆ ಸಣ್ಣ ಫೋಟೋ ನೋಡುತ್ತೇನೆ, ಗ್ರಾಸಿಂಗ್ ಟಿಪ್ಪಣಿಯ ಸಂಖ್ಯೆ ಜೊತೆ ತಾಳೆ ಹಾಕುತ್ತೇನೆ. ಟೆಕ್ನಿಷಿಯನ್ ಕೂಡ ಸ್ಕ್ಯಾನ್ ಆದ ಮೇಲೆ ಗಾಜನ್ನು ಟ್ಯೂಬ್‌ಲೈಟಿಗೆ ಹಿಡಿದು ಎಣಿಸಿಯೇ ಟ್ರೇಗೆ ಹಾಕುವುದು.

ಈ ವಿದ್ಯೆ ತೀರಾ ಹೊಸದೇನಲ್ಲ. ಹೀಗೆ ದೂರದಿಂದಲೇ ಸ್ಲೈಡ್ ನೋಡಿ ರೋಗ ಹೇಳುವುದಕ್ಕೆ ಟೆಲಿಪೆಥಾಲಜಿ ಅನ್ನುವ ಮಾತು ಹುಟ್ಟಿದ್ದು 1986ರಲ್ಲಿ. ಸ್ಕ್ಯಾನ್ ಮಾಡಿದ ಸ್ಲೈಡ್ ನೋಡಿಯೇ ಮೊದಲ ರೋಗನಿರ್ಣಯ ಕೊಡುವ ಒಂದು ವ್ಯವಸ್ಥೆಗೆ ಅಮೆರಿಕದಲ್ಲಿ ಮೊದಲ ಬಾರಿಗೆ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. ಶುರುಮಾಡುವ ಮೊದಲು ಕನಿಷ್ಠ 60 ಕೇಸುಗಳನ್ನು ಗಾಜಿನಲ್ಲೂ ಪರದೆಯಲ್ಲೂ ನೋಡಿ ಹೋಲಿಸಬೇಕು, ಎರಡರ ನಡುವೆ ಎರಡು ವಾರವಾದರೂ ಬಿಡಬೇಕು ಅನ್ನುವುದು ಅಲ್ಲಿನ ಪೆಥಾಲಜಿಸ್ಟರ (ನನ್ನ ಹಾಗೆ ಸ್ಲೈಡ್ ನೋಡಿ ರೋಗ ಹೇಳುವ ಡಾಕ್ಟರುಗಳ) ಸಂಸ್ಥೆಯ ಸಲಹೆ. ಎರಡು ವಾರ ಬಿಡುವುದು ನೆನಪು ಮಾಸಲಿ ಅಂತ. ನಾವೂ ಹಾಗೇ ಮಾಡಿದೆವು. ಬೇಸರದ ಕೆಲಸ, ಆದರೆ ತಪ್ಪಿಸುವಂತಿಲ್ಲ. ನಾನು ಪರದೆಯಲ್ಲಿ ಎಲ್ಲಿ ಎಡವುತ್ತೇನೆ ಅಂತ ಗೊತ್ತಾಗಿದ್ದು ಅದರಿಂದಲೇ.

ಸೂಜಿಯಿಂದ ಹೀರಿ ಬಳಿದ ಎಫ್‌ಎನ್‌ಎಸಿ ಸ್ಲೈಡುಗಳಲ್ಲಿ ಎಡವುತ್ತೇನೆ. ಅಲ್ಲಿ ಕೋಶಗಳು ಗುಡ್ಡೆ ಬಿದ್ದಿರುತ್ತವೆ. ಮೈಕ್ರೋಸ್ಕೋಪಿನಲ್ಲಾದರೆ ತಿರುಪು ಮೇಲೆ ಕೆಳಗೆ ಆಡಿಸಿ ಪದರ ಪದರ ನೋಡಬಹುದು. ನಮ್ಮ ಸ್ಕ್ಯಾನರ್ ಒಂದೇ ಮಟ್ಟದಲ್ಲಿ ತೆಗೆಯುತ್ತದೆ. ಕಡ್ಡಿಯಂತಿರುವ ಕ್ಷಯದ ಬ್ಯಾಕ್ಟೀರಿಯಾ ಹುಡುಕಲು ಎಣ್ಣೆ ಹಾಕಿ ನೋಡುವ 100ರ ಲೆನ್ಸೇ ಬೇಕು. ಅಮಿಲಾಯ್ಡ್ (ಅಂಗಗಳಲ್ಲಿ ಸೇರಿಕೊಳ್ಳುವ ಒಂದು ಅಸಹಜ ಪ್ರೋಟೀನ್) ಇದೆಯಾ ಅಂತ ನೋಡಲು ಪೋಲರೈಸರ್ ಅನ್ನುವ ಬೆಳಕಿನ ಫಿಲ್ಟರ್ ತಿರುಗಿಸಿ ಹಸಿರು ಹೊಳಪು ಹುಡುಕಬೇಕು. ಅದೂ ನಮ್ಮ ಸ್ಕ್ಯಾನರಿನಲ್ಲಿ ಆಗದು.

ಇಂಥ ಗಾಜುಗಳು ಬಸ್ಸಿನಲ್ಲಿ ಬರುತ್ತವೆ. ಸ್ಲೈಡ್ ಡಬ್ಬಿಗೆ ಹತ್ತಿ ತುಂಬಿ, ಕಂಡಕ್ಟರ್ ಕೈಗೆ ಕೊಟ್ಟರೆ ಮಧ್ಯಾಹ್ನದೊಳಗೆ ತೀರ್ಥಹಳ್ಳಿ. ಒಡೆದರೆ ಅಂತ, ಸ್ಕ್ಯಾನ್ ಆಗದ ಗಾಜನ್ನು ಕಳಿಸುವುದಿಲ್ಲ. ಮನೆಯಲ್ಲಿ ನನ್ನ ಹಳೇ ಮೈಕ್ರೋಸ್ಕೋಪ್ ಇದೆ. ಅದಕ್ಕೂ ಬಾಣಂತನ ಬೇಕು. ಮಳೆಗಾಲದ ತೇವಕ್ಕೆ ಲೆನ್ಸಿನಲ್ಲಿ ಬೂಸ್ಟು ಬರುತ್ತದೆ, ಜೇಡರ ಬಲೆ ಕಟ್ಟಿದ ಹಾಗೆ. ಸಣ್ಣ ಬಲ್ಬು ಉರಿಸಿದ ಕಪಾಟಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಇಟ್ಟಿದ್ದೇನೆ.

ಒಂದು ಕೆಲಸವನ್ನು ಮಾತ್ರ ಮಳೆಗಾಲದಲ್ಲಿ ಮನೆಯಿಂದ ಒಪ್ಪಿಕೊಳ್ಳುವುದಿಲ್ಲ, ಫ್ರೋಜನ್. ಆಪರೇಷನ್ ನಡೆಯುತ್ತಿರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ ಕೊಯ್ದು, ಸುಮಾರು 20 ನಿಮಿಷದಲ್ಲಿ ಉತ್ತರ ಹೇಳಬೇಕು. ಸರ್ಜನ್ ಕೈ ಕಟ್ಟಿ ನಿಂತಿರುತ್ತಾರೆ, ರೋಗಿ ಮೇಜಿನ ಮೇಲಿರುತ್ತಾರೆ. ಇಲ್ಲಿ ಕರೆಂಟ್ ಹೋಗಿ, ನೆಟ್ ಹೋಗಿ, ಫೋನ್ ಸಿಗ್ನಲ್ಲೂ ಹೋದರೆ ನಾನು ಗುಡ್ಡ ಹತ್ತಿ ಕೂಗಿದರೂ ಶಿವಮೊಗ್ಗಕ್ಕೆ ಕೇಳುವುದಿಲ್ಲ. ಫ್ರೋಜನ್ ಇರುವ ದಿನ ಕೊಡೆ ಹಿಡಿದು ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತೇನೆ.