ಓದುಗರ ಪ್ರಶ್ನೆ: ಶಿಪ್ಪಿಂಗ್ ಬಿಲ್ಲಿನಲ್ಲಿ ‘ಬೇಕು’ ಎನ್ನುವ ಕಡೆ ‘ಬೇಡ’ ಎಂದು ಬಿದ್ದಿದೆ, ರಫ್ತಿನ ಪ್ರೋತ್ಸಾಹಧನ ಕೈತಪ್ಪಿದಂತೆಯೇ?

ಪ್ರಶ್ನೆ: ನಾವು ದಾವಣಗೆರೆಯಲ್ಲಿ ಮೆಕ್ಕೆಜೋಳದ ಸ್ಟಾರ್ಚ್ ಕೊಂಡು ಹೊರದೇಶಕ್ಕೆ ಕಳಿಸುವ ಸಣ್ಣ ವ್ಯಾಪಾರಸ್ಥರು. ಎಂಟು ತಿಂಗಳ ಹಿಂದೆ ಮಂಗಳೂರು ಬಂದರಿನಿಂದ ಹೋದ ಮೂರು ಕಂಟೇನರ್‌ಗಳ ಶಿಪ್ಪಿಂಗ್ ಬಿಲ್‌ಗಳಲ್ಲಿ (ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ) ರೋಡ್‌ಟೆಪ್, ಅಂದರೆ ರಫ್ತು ಸರಕಿನ ತೆರಿಗೆ ಮರುಪಾವತಿ ಯೋಜನೆ, ಬೇಡವೆಂದು ದಾಖಲಾಗಿರುವುದು ಈಗ ಲೆಕ್ಕಪತ್ರ ನೋಡುವಾಗ ಗೊತ್ತಾಯಿತು. ನಾವು ಹಾಗೆ ಯಾರಿಗೂ ಹೇಳಿರಲಿಲ್ಲ. ಏಜೆಂಟರನ್ನು ಕೇಳಿದರೆ ‘ಟೈಪಿಂಗ್ ಮಿಸ್ಟೇಕ್’ ಎನ್ನುತ್ತಾರೆ. ಆ ಹಣ ಹೋದಂತೆಯೇ?

ಉತ್ತರ: ಹೋಗಿಲ್ಲ. ಆದರೆ ಸುಮ್ಮನೆ ಕುಳಿತರೆ ಹೋಗುತ್ತದೆ. ಮಾಲು ಹೊರಡಲು ಕಸ್ಟಮ್ಸ್ ಅನುಮತಿ ಕೊಟ್ಟ ದಿನದಿಂದ, ಅಂದರೆ ‘ಲೆಟ್ ಎಕ್ಸ್‌ಪೋರ್ಟ್ ಆರ್ಡರ್’ ಆದ ದಿನದಿಂದ, ನಿಮಗೆ ಎಂಟು ತಿಂಗಳು ಕಳೆದಿವೆ. ರಫ್ತಾದ ಮೇಲೆ ಬಿಲ್ಲಿನ ಯೋಜನೆ ಬದಲಿಸುವುದಕ್ಕೆಂದು 2022ರಲ್ಲಿ ಬಂದ ನಿಯಮಾವಳಿ ಆ ದಿನದಿಂದ ಒಂದು ವರ್ಷದ ಗಡುವು ಇಟ್ಟಿತು. ಸಕಾರಣವಿದ್ದರೆ ಕಮಿಷನರ್ ಆರು ತಿಂಗಳು, ಮುಖ್ಯ ಕಮಿಷನರ್ ಮತ್ತೆ ಆರು ತಿಂಗಳು ವಿಸ್ತರಿಸಬಹುದು ಎಂದೂ ಅದರಲ್ಲಿತ್ತು. ವಿಸ್ತರಣೆ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದಾದ್ದರಿಂದ ಅದನ್ನು ನೆಚ್ಚಿಕೊಳ್ಳದೆ ಒಂದು ವರ್ಷದೊಳಗೇ ಅರ್ಜಿ ಕೊಡಿ.

ಮೊದಲು ನಿಮ್ಮ ಹಕ್ಕು ಯಾವ ಬಗೆಯದೆಂದು ತಿಳಿದುಕೊಳ್ಳಬೇಕು, ಏಕೆಂದರೆ ಅರ್ಜಿಯ ಬಲ ಅಲ್ಲಿಂದಲೇ ಬರುತ್ತದೆ. 2015ರ ಏಪ್ರಿಲ್‌ನಿಂದ 2020ರ ಡಿಸೆಂಬರ್ ಕೊನೆಯವರೆಗೆ ಇದ್ದ ಎಂಇಐಎಸ್ ಯೋಜನೆ ರಫ್ತಿಗೆ ಕೊಡುವ ಬಹುಮಾನವಾಗಿತ್ತು. ಸರಕಿನ ಎಫ್‌ಒಬಿ ಮೌಲ್ಯದ (ಹಡಗಿಗೆ ಏರಿಸುವವರೆಗಿನ ಬೆಲೆ) ಮೇಲೆ ಶೇಕಡಾವಾರು ಲೆಕ್ಕ ಹಾಕಿ ಸ್ಕ್ರಿಪ್ (ಆಮದು ಸುಂಕ ಕಟ್ಟಲು ಬಳಸಬಹುದಾದ ಪತ್ರ) ರೂಪದಲ್ಲಿ ಅದನ್ನು ಕೊಡುತ್ತಿದ್ದರು. ಇಂಥ ಬಹುಮಾನ ಅಂತರರಾಷ್ಟ್ರೀಯ ಒಪ್ಪಂದಕ್ಕೆ ವಿರುದ್ಧವೆಂದು ಅಮೆರಿಕ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ದೂರಿತು, 2019ರಲ್ಲಿ ಅಲ್ಲಿನ ಸಮಿತಿಯ ವರದಿ ಭಾರತಕ್ಕೆ ಪ್ರತಿಕೂಲವಾಗಿ ಬಂತು. 2021ರ ಜನವರಿ 1ರಿಂದ ಬಂದ ರೋಡ್‌ಟೆಪ್ ಬಹುಮಾನವಲ್ಲ, ಮರುಪಾವತಿ. ಜಿಎಸ್‌ಟಿಯಲ್ಲಿ ವಾಪಸ್ ಸಿಗದ ತೆರಿಗೆಗಳು, ಅಂದರೆ ಮೆಕ್ಕೆಜೋಳ ನಮ್ಮ ಎಪಿಎಂಸಿಯಲ್ಲಿ ಮಾರಾಟವಾದಾಗ ಕಟ್ಟಿದ ಮಾರುಕಟ್ಟೆ ಶುಲ್ಕ, ಗಿರಣಿ ಕಟ್ಟಿದ ವಿದ್ಯುತ್ ತೆರಿಗೆ, ಘಟ್ಟ ಇಳಿದು ಮಂಗಳೂರು ಬಂದರಿರುವ ಪಣಂಬೂರಿಗೆ ಹೋಗುವ ಲಾರಿಯ ಡೀಸೆಲ್ ಮೇಲಿನ ತೆರಿಗೆ, ಇವೆಲ್ಲ ಸ್ಟಾರ್ಚಿನ ಬೆಲೆಯೊಳಗೆ ಅಡಗಿ ಕುಳಿತಿರುತ್ತವೆ. ಅದನ್ನು ಹಿಂದಿರುಗಿಸುತ್ತೇವೆ ಎಂದು ಸರ್ಕಾರವೇ ಹೇಳಿದೆ. ಹಾಗಿರುವಾಗ ಒಂದು ಅಕ್ಷರ ತಪ್ಪಿತೆಂದು ಅದನ್ನು ಇಟ್ಟುಕೊಳ್ಳುವುದೆಂದರೆ ನೀವು ಈಗಾಗಲೇ ಕಟ್ಟಿರುವ ತೆರಿಗೆಯನ್ನೇ ನಿಮಗೆ ಕೊಡದಿರುವುದು. ಅರ್ಜಿಯಲ್ಲಿ ಈ ಮಾತನ್ನು ಸಂಕೋಚವಿಲ್ಲದೆ ಬರೆಯಿರಿ.

ತಪ್ಪು ಎಲ್ಲಿ ನುಸುಳುತ್ತದೆ ಎನ್ನುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಶಿಪ್ಪಿಂಗ್ ಬಿಲ್ ಸಲ್ಲಿಸುವ ಮುನ್ನ ಕಸ್ಟಮ್ಸ್ ಬ್ರೋಕರ್, ಅಂದರೆ ನೀವು ಹೇಳುವ ಏಜೆಂಟರು, ಒಂದು ಚೆಕ್‌ಲಿಸ್ಟ್ ಕಳಿಸುತ್ತಾರೆ. ನನಗೆ ಅದು ಬರುತ್ತಿದ್ದುದು ಸಾಮಾನ್ಯವಾಗಿ ರಾತ್ರಿ ಒಂಬತ್ತರ ಮೇಲೆ, ವಾಟ್ಸ್‌ಆಪ್‌ನಲ್ಲಿ, ಆರೇಳು ಪುಟಗಳ ಪಿಡಿಎಫ್ ಆಗಿ, ಅದರ ಹಿಂದೆಯೇ ಫೋನು: “ಸಾರ್, ಚೆಕ್‌ಲಿಸ್ಟ್ ಕಳಿಸಿದ್ದೀನಿ, ಬೇಗ ಓಕೆ ಹೇಳಿ, ಗಾಡಿ ಗೇಟ್ ಹತ್ರ ನಿಂತಿದೆ.” ನಾವು ನೋಡುವುದು ಖರೀದಿದಾರರ ಹೆಸರು, ತೂಕ, ಮೌಲ್ಯ, ಬಂದರು. ಅಷ್ಟು ಸರಿಯಿದ್ದರೆ ಓಕೆ ಎಂದುಬಿಡುತ್ತೇವೆ. ಎಂಇಐಎಸ್ ಇದ್ದ ಕಾಲದಲ್ಲಿ ‘ರಿವಾರ್ಡ್’ ಎಂಬ ಕಾಲಮ್ಮಿನಲ್ಲಿ ‘ವೈ’ ಅಥವಾ ‘ಎನ್’ ಎಂಬ ಒಂದೇ ಅಕ್ಷರ ಇರುತ್ತಿತ್ತು. ಈಗ ರೋಡ್‌ಟೆಪ್‌ಗೆ ಪ್ರತಿ ಸರಕಿನ ಸಾಲಿನ ಕೆಳಗೆ ‘ರೋಡ್‌ಟೆಪ್‌-ವೈ’ ಅಥವಾ ‘ರೋಡ್‌ಟೆಪ್‌-ಎನ್’ ಎಂಬ ಸಂಕೇತ ಬರುತ್ತದೆ. ಅದು ಇರುವುದು ಮೊದಲ ಪುಟದಲ್ಲಲ್ಲ, ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದ ಕೋಷ್ಟಕಗಳ ನಡುವೆ.

ನನ್ನ ಕೈಯಲ್ಲೂ ಇದು ಆಗಿದೆ. 2018ರಲ್ಲಿ ಊರಿನ ಸಣ್ಣ ರಫ್ತುದಾರರೊಬ್ಬರ ಕಾಗದಪತ್ರ ನೋಡಿಕೊಳ್ಳುತ್ತಿದ್ದಾಗ ನಾಲ್ಕು ಬಿಲ್‌ಗಳಲ್ಲಿ ‘ಎನ್’ ಬಿದ್ದಿತ್ತು. ಇನ್‌ವಾಯ್ಸಿನ ಕೆಳಗೆ ‘ಎಂಇಐಎಸ್ ಪ್ರಯೋಜನ ಪಡೆಯಲು ಉದ್ದೇಶಿಸಿದ್ದೇವೆ’ ಎಂದು ನಾವೇ ಅಚ್ಚು ಹಾಕಿಸಿದ್ದೆವು, ಆದರೂ ಚೆಕ್‌ಲಿಸ್ಟಿನ ಆ ಅಕ್ಷರವನ್ನು ನಾನು ನೋಡಲಿಲ್ಲ. ಬ್ರೋಕರ್ ಕಚೇರಿಯ ಹುಡುಗ ತಪ್ಪು ಒಪ್ಪಿಕೊಂಡು ಪತ್ರ ಕೊಟ್ಟ. ಕಸ್ಟಮ್ಸ್‌ನಲ್ಲಿ ‘ಡಿಜಿಎಫ್‌ಟಿಯನ್ನು ಕೇಳಿ’ ಎಂದರು, ಡಿಜಿಎಫ್‌ಟಿಯಲ್ಲಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ‘ಬಿಲ್ಲೇ ನಮ್ಮ ಕಂಪ್ಯೂಟರಿಗೆ ಬಂದಿಲ್ಲ, ಕಸ್ಟಮ್ಸ್ ತಿದ್ದಿ ಕಳಿಸಲಿ’ ಎಂದರು. ಎರಡು ಕಚೇರಿಗಳ ನಡುವೆ ಓಡಾಡಿ ಒಂದೂವರೆ ವರ್ಷ ಹೋಯಿತು. ಕೊನೆಗೆ ಆ ವ್ಯಾಪಾರಸ್ಥರು, “ಬಿಡ್ರಿ ಸಾರ್, ವಕೀಲರಿಗೆ ಕೊಡೋ ದುಡ್ಡಿಗೆ ಅದು ಸಾಲಲ್ಲ” ಎಂದು ಕೈಬಿಟ್ಟರು. ಅವರ ಆ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ. ದೊಡ್ಡ ಕಂಪನಿಗೆ ಇಂಥ ತಪ್ಪು ನ್ಯಾಯಾಲಯದ ವ್ಯಾಜ್ಯವಾಗುತ್ತದೆ, ಸಣ್ಣವರಿಗೆ ಅದು ನೇರ ನಷ್ಟ. ಉದಾಹರಣೆಗೆ 20 ಲಕ್ಷ ರೂಪಾಯಿಯ ಮಾಲಿಗೆ ಶೇ 2ರಂತೆ ಲೆಕ್ಕ ಹಾಕಿದರೆ 40 ಸಾವಿರ ರೂಪಾಯಿ. ನಮ್ಮ ಕಡೆಯ ಸರಕುಗಳಲ್ಲಿ ಎಷ್ಟೋ ಸಲ ಇಡೀ ಕಂಟೇನರಿನಲ್ಲಿ ಉಳಿಯುವ ಲಾಭವೇ ಅಷ್ಟು.

ನಾವು ಸಿಕ್ಕಿಕೊಂಡಿದ್ದ ಆ ತೊಡಕನ್ನೇ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಬಿಡಿಸಿತು. ಶಾ ನಾಂಜಿ ನಾಗ್ಸಿ ಎಕ್ಸ್‌ಪೋರ್ಟ್ಸ್ ಎಂಬ ಸಂಸ್ಥೆಯ ಪ್ರಕರಣವದು. ಸರಕು ನಿಮ್ಮದೇ, ಮೆಕ್ಕೆಜೋಳದ ಸ್ಟಾರ್ಚ್. ಕಸ್ಟಮ್ಸ್ ಬ್ರೋಕರ್ ಕಣ್ತಪ್ಪಿನಿಂದ 54 ಶಿಪ್ಪಿಂಗ್ ಬಿಲ್‌ಗಳಲ್ಲಿ ‘ಇಲ್ಲ’ ಎಂದು ನಮೂದಿಸಿದ್ದರು. ಕಸ್ಟಮ್ಸ್ ಇಲಾಖೆ ಅವುಗಳ ತಿದ್ದುಪಡಿಗೆ ಒಪ್ಪಿದರೂ ಎಂಇಐಎಸ್ ಪ್ರಯೋಜನ ಸಿಗಲಿಲ್ಲ, ಹೈಕೋರ್ಟಿನಲ್ಲೂ ಪರಿಹಾರ ದೊರೆಯಲಿಲ್ಲ. ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗೊತ್ತಿ, ಕಾನೂನಿನ ಪ್ರಕಾರ ಒಮ್ಮೆ ತಿದ್ದಿದ ತಪ್ಪನ್ನು ಮುಂದೊಡ್ಡಿ ಅರ್ಹ ರಫ್ತುದಾರರಿಗೆ ಪ್ರಯೋಜನ ನಿರಾಕರಿಸಲಾಗದು ಎಂದು ಹೇಳಿ ಅದನ್ನು ಕೊಡುವಂತೆ ಆದೇಶಿಸಿತು. ಇದಕ್ಕೂ ಮೊದಲು 2019ರಲ್ಲಿ ಪಾಷಾ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್, 2021ರಲ್ಲಿ ಪೋರ್ಟೆಸ್ಕ್ಯಾಪ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಇದೇ ದಿಕ್ಕಿನಲ್ಲಿ ತೀರ್ಪು ಕೊಟ್ಟಿದ್ದವು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ತೀರ್ಪುಗಳು ಎಂಇಐಎಸ್ ಕುರಿತವು, ನಿಮ್ಮದು ರೋಡ್‌ಟೆಪ್. ರೋಡ್‌ಟೆಪ್ ಜಾರಿಗಾಗಿ 2021ರ ಸೆಪ್ಟೆಂಬರ್‌ನಲ್ಲಿ ಬಂದ ಕಸ್ಟಮ್ಸ್ ಅಧಿಸೂಚನೆ, ಪ್ರಯೋಜನ ಬೇಕಾದವರು ಶಿಪ್ಪಿಂಗ್ ಬಿಲ್ಲಿನಲ್ಲಿಯೇ ಸರಕುವಾರು ಕೇಳಿಕೊಂಡಿರಬೇಕು ಎನ್ನುತ್ತದೆ. ಅರ್ಜಿಯನ್ನು ತಳ್ಳಿಹಾಕಲು ಬಯಸುವ ಅಧಿಕಾರಿ ಈ ವಾಕ್ಯವನ್ನೇ ಹಿಡಿಯುತ್ತಾರೆ. ಅದಕ್ಕೆ ನಿಮ್ಮ ಉತ್ತರ ಕಸ್ಟಮ್ಸ್ ಕಾಯ್ದೆ 1962ರ 149ನೇ ಕಲಂ. ಸಲ್ಲಿಸಿದ ದಾಖಲೆಯನ್ನು ಆಮೇಲೆ ತಿದ್ದಲು ಅವಕಾಶ ಕೊಡುವ ಕಲಂ ಅದೇ. ತಿದ್ದಿದ ಬಿಲ್ಲನ್ನು ಮೊದಲಿನಿಂದಲೂ ಹಾಗೆಯೇ ಇದ್ದದ್ದೆಂದು ಓದಬೇಕು ಎನ್ನುವುದು ನಿಮ್ಮ ವಾದವಾಗಬೇಕು. ಒಂದು ಅನುಕೂಲವೂ ಇದೆ: ಎಂಇಐಎಸ್ ಸ್ಕ್ರಿಪ್ ಕೊಡುತ್ತಿದ್ದುದು ಡಿಜಿಎಫ್‌ಟಿ, ರೋಡ್‌ಟೆಪ್ ಮೊತ್ತ ಜಮೆಯಾಗುವುದು ಕಸ್ಟಮ್ಸ್‌ನದೇ ಆನ್‌ಲೈನ್ ತಾಣವಾದ ಐಸ್‌ಗೇಟ್‌ನ ಖಾತೆಯಲ್ಲಿ. ಆದ್ದರಿಂದ ನಾನು ಪಟ್ಟ ಎರಡು ಕಚೇರಿಗಳ ಪಾಡು ನಿಮಗೆ ಬಾರದಿರಬಹುದು.

149ನೇ ಕಲಮಿನಲ್ಲಿ ಒಂದು ಕಟ್ಟುನಿಟ್ಟಾದ ಷರತ್ತಿದೆ. ಮಾಲು ರಫ್ತಾಗಿ ಹೋದ ಮೇಲೆ ತಿದ್ದುಪಡಿ ಕೇಳುವವರು, ರಫ್ತಿನ ಸಮಯದಲ್ಲಿ ಅಸ್ತಿತ್ವದಲ್ಲಿದ್ದ ದಾಖಲೆಗಳ ಆಧಾರ ಕೊಡಬೇಕು. ಏಜೆಂಟರು ಈಗ ಬರೆದುಕೊಡುವ ತಪ್ಪೊಪ್ಪಿಗೆ ಪತ್ರವೊಂದೇ ಸಾಲದಿರುವುದು ಇದರಿಂದಲೇ. ಅದನ್ನು ಲಗತ್ತಿಸಿ, ಆದರೆ ಅದರ ಮೇಲೆಯೇ ನಿಲ್ಲಬೇಡಿ. ಬೇಕಾದದ್ದು ಅಂದಿನ ಇನ್‌ವಾಯ್ಸು, ಪ್ಯಾಕಿಂಗ್ ಲಿಸ್ಟು, ಖರೀದಿದಾರರ ಆರ್ಡರು, ಬ್ರೋಕರಿಗೆ ಕಳಿಸಿದ ಇಮೇಲು ಅಥವಾ ವಾಟ್ಸ್‌ಆಪ್ ಸಂದೇಶ, ಅದರಲ್ಲಿ ದಿನಾಂಕ ಕಾಣುವಂತೆ. ರೋಡ್‌ಟೆಪ್ ಕೇಳುತ್ತೇವೆಂಬ ಒಂದು ಸಾಲು ಇನ್‌ವಾಯ್ಸಿನಲ್ಲಿದ್ದರೆ ಅದೇ ನಿಮ್ಮ ಅತಿ ದೊಡ್ಡ ಸಾಕ್ಷಿ. ಇಲ್ಲದಿದ್ದರೆ ಅದೇ ಸರಕಿಗೆ, ಅದೇ ಅವಧಿಯಲ್ಲಿ, ಬೇರೆ ಬಿಲ್‌ಗಳಲ್ಲಿ ನೀವು ರೋಡ್‌ಟೆಪ್ ಪಡೆದಿರುವುದನ್ನು ತೋರಿಸಿ. ಎಲ್ಲ ಬಿಲ್‌ಗಳಲ್ಲಿ ಕೇಳಿ ಮೂರರಲ್ಲಿ ಮಾತ್ರ ಬೇಡವೆನ್ನಲು ಯಾವ ವ್ಯಾಪಾರಸ್ಥನಿಗೂ ಕಾರಣವಿರುವುದಿಲ್ಲ.

ಅರ್ಜಿ ಹೋಗಬೇಕಾದದ್ದು ಮಾಲು ಹೊರಟ ಬಂದರಿನ ಕಸ್ಟಮ್ಸ್ ಕಚೇರಿಗೆ, ನಿಮ್ಮ ವಿಷಯದಲ್ಲಿ ಮಂಗಳೂರಿಗೆ. ಪ್ರತಿ ಬಿಲ್ಲಿನ ಸಂಖ್ಯೆ, ದಿನಾಂಕ, ಲೆಟ್ ಎಕ್ಸ್‌ಪೋರ್ಟ್ ದಿನಾಂಕ, ಯಾವ ಸಾಲಿನಲ್ಲಿ ಏನಿದೆ, ಏನಾಗಬೇಕು ಎಂದು ಬರೆದು, ಹಣ ಬಂದ ಬ್ಯಾಂಕ್ ಪ್ರಮಾಣಪತ್ರವನ್ನೂ ಸೇರಿಸಿ, ಖುದ್ದು ಅಹವಾಲಿಗೆ ಅವಕಾಶ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ‘ಸಿಸ್ಟಮ್ಮಿನಲ್ಲಿ ಆಗುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಹಿಂದಿರುಗಬೇಡಿ. ಕಾರಣ ಸಹಿತ ಲಿಖಿತ ಆದೇಶ ಕೊಡಿ ಎಂದು ಪತ್ರದಲ್ಲೇ ಕೇಳಿ. ಆದೇಶ ಕಮಿಷನರ್‌ಗಿಂತ ಕೆಳಗಿನ ಅಧಿಕಾರಿಯದಾಗಿದ್ದರೆ, ಅದು ಕೈಗೆ ಬಂದ ದಿನದಿಂದ 60 ದಿನಗಳೊಳಗೆ 128ನೇ ಕಲಮಿನಡಿ ಕಮಿಷನರ್ (ಅಪೀಲು) ಅವರ ಮುಂದೆ ಮೇಲ್ಮನವಿ ಹೋಗಬಹುದು. ಲಿಖಿತ ಆದೇಶವಿಲ್ಲದೆ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ. 2018ರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದನ್ನು ಕೇಳದೆ ಬಿಟ್ಟದ್ದು. ಕೆಲವರು 154ನೇ ಕಲಮಿನಡಿ ಅರ್ಜಿ ಹಾಕಲು ಸಲಹೆ ಕೊಡುತ್ತಾರೆ. ಅದು ಅಧಿಕಾರಿಗಳ ಆದೇಶದಲ್ಲಿ ನುಸುಳಿದ ಬರವಣಿಗೆಯ ತಪ್ಪಿಗೆ ಸಂಬಂಧಿಸಿದ್ದು, ನಿಮ್ಮ ಕಡೆಯ ದಾಖಲೆಯ ತಪ್ಪಿಗೆ 149 ಸರಿಯಾದ ದಾರಿ.

ಬಿಲ್‌ಗಳನ್ನು ಹೊರತೆಗೆದಾಗ ಇನ್ನೆರಡು ಜಾಗ ನೋಡಿಬಿಡಿ. ರೋಡ್‌ಟೆಪ್‌ನಲ್ಲಿ ಕೆಲವು ಸರಕುಗಳಿಗೆ ಇಂತಿಷ್ಟು ತೂಕಕ್ಕೆ ಇಂತಿಷ್ಟು ರೂಪಾಯಿ ಎಂಬ ಮಿತಿ ಇರುತ್ತದೆ. ಅಲ್ಲಿ ಕಿಲೋ ಬದಲು ಚೀಲದ ಎಣಿಕೆ ಬಿದ್ದಿದ್ದರೆ ಮೊತ್ತವೇ ಬದಲಾಗುತ್ತದೆ. ರಫ್ತಿನ ಮೇಲೆ ಐಜಿಎಸ್‌ಟಿ (ಸಮಗ್ರ ಜಿಎಸ್‌ಟಿ) ಕಟ್ಟಿ ಕಳಿಸಿದ್ದರೆ ಜಿಎಸ್‌ಟಿಆರ್‌-1 ಎಂಬ ಮಾರಾಟದ ವಿವರಪಟ್ಟಿಯಲ್ಲಿನ ಇನ್‌ವಾಯ್ಸ್ ಸಂಖ್ಯೆಯೂ ಶಿಪ್ಪಿಂಗ್ ಬಿಲ್ಲಿನದೂ ಅಕ್ಷರಶಃ ಒಂದೇ ಇರಬೇಕು, ಇಲ್ಲವಾದರೆ ‘ಎಸ್‌ಬಿ005’ ಎಂಬ ದೋಷ ತೋರಿಸಿ ಮರುಪಾವತಿ ನಿಲ್ಲುತ್ತದೆ.

ಇನ್ನೊಂದು ವಿಷಯ. ಬ್ರೋಕರ್ ಕಚೇರಿಯಲ್ಲಿ ಹೊಸ ಬಿಲ್ಲನ್ನು ಖಾಲಿ ಹಾಳೆಯಿಂದ ತಯಾರಿಸುವುದು ಅಪರೂಪ. ಅದೇ ರಫ್ತುದಾರರ ಹಿಂದಿನ ಬಿಲ್ಲನ್ನು ನಕಲು ಮಾಡಿ ತೂಕ, ಮೌಲ್ಯ, ಸಂಖ್ಯೆ ಬದಲಿಸುತ್ತಾರೆ. ಒಂದರಲ್ಲಿ ‘ಬೇಡ’ ಎಂದು ಬಿದ್ದದ್ದು ಮುಂದಿನದಕ್ಕೂ, ಅದರ ಮುಂದಿನದಕ್ಕೂ ಹೋಗುವುದು ಹೀಗೆ. ನಿಮಗೆ ಕಂಡಿರುವುದು ಮೂರು. ಅವುಗಳ ನಂತರ ಈ ಎಂಟು ತಿಂಗಳಲ್ಲಿ ಕಳಿಸಿದ ಪ್ರತಿಯೊಂದು ಬಿಲ್ಲನ್ನೂ ಐಸ್‌ಗೇಟ್‌ನಿಂದ ಇಳಿಸಿಕೊಂಡು ಕೊನೆಯ ಪುಟಗಳವರೆಗೆ ಓದಿ, ಇನ್ನಷ್ಟು ಸಿಕ್ಕರೆ ಅವನ್ನೂ ಇದೇ ಅರ್ಜಿಗೆ ಸೇರಿಸಿ ಮಂಗಳೂರಿಗೆ ಕೊಡಿ.